ಬಕೆಟ್ ಒದ್ದವನು ಯಾಕೆ ಸತ್ತ?

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಇಂಗ್ಲಿಷ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎರಡು ಚಿತ್ರ ಬರೆದಿದ್ದಳು. ಮೊದಲನೆಯದರಲ್ಲಿ ಬಚ್ಚಲುಮನೆ, ಅದರ ಮುಂದೆ ನೀಲಿ ಪ್ಲಾಸ್ಟಿಕ್ ಬಕೆಟ್. ಲುಂಗಿ ಎತ್ತಿ ಕಟ್ಟಿದ ಗಂಡಸೊಬ್ಬ ಅದನ್ನು ಒದ್ದಿದ್ದಾನೆ. ನೀರು ಚೆಲ್ಲಿ ಅಂಗಳದ ರಂಗೋಲಿಯ ಕಡೆಗೆ ಹರಿಯುತ್ತಿದೆ, ಬಾಗಿಲಲ್ಲಿ ಬರಲು ಹಿಡಿದು ಹೆಂಗಸೊಬ್ಬಳು ನಿಂತಿದ್ದಾಳೆ. ಎರಡನೆಯದರಲ್ಲಿ ಅದೇ ಗಂಡಸು, ಅದೇ ಲುಂಗಿ, ಅಂಗಾತ ಮಲಗಿದ್ದಾನೆ. ತಲೆಯ ಹತ್ತಿರ ಊದುಬತ್ತಿ ಉರಿಯುತ್ತಿದೆ. ಎರಡೂ ಚಿತ್ರಗಳ ನಡುವೆ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ.

'ಕಿಕ್ ದಿ ಬಕೆಟ್' ಅಂದರೆ 'ಸಾಯುವುದು' ಎಂದು ಹಿಂದಿನ ದಿನ ನಾನೇ ಬೋರ್ಡಿನ ಮೇಲೆ ಬರೆಸಿದ್ದೆ. ಅವಳನ್ನು ಕರೆದು ಇದೇನು ಎಂದೆ. "ಸಾ, ಬಕೆಟ್ ಒದ್ರೆ ನೀರು ಚೆಲ್ಲೋಯ್ತದೆ, ನಮ್ಮವ್ವ ಬರ್ಲು ತಗಂಡು ಬತ್ತಳೆ. ಅಷ್ಟುಕ್ಕೇ ಅವ್ನ್ಯಾಕೆ ಸಾಯ್ತನೆ?" ಎಂದಳು. ತರಗತಿ ಗೊಳ್ಳೆಂದು ನಕ್ಕಿತು. ಅವಳು ಮಾತ್ರ ನಗಲಿಲ್ಲ. ಉತ್ತರ ಬೇಕಿತ್ತು ಅವಳಿಗೆ. ನನ್ನ ಹತ್ತಿರ ಅಂದು ಉತ್ತರ ಇರಲಿಲ್ಲ.

ತೆಂಗಿನ ಸೀಮೆಯ ಒಂದು ಹಳ್ಳಿಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾ ವರ್ಷಗಳು ಕಳೆದಿದ್ದವು. ನುಡಿಗಟ್ಟು ಅಂದರೆ ನನ್ನ ಪಾಲಿಗೆ ಎರಡು ಕಂಬಸಾಲುಗಳ ಪಟ್ಟಿ: ಎಡಕ್ಕೆ ಇಂಗ್ಲಿಷ್ ಮಾತು, ಬಲಕ್ಕೆ ಅರ್ಥ. ನಾನೂ ಹಾಗೆಯೇ ಕಲಿತವನು. ರೆನ್ ಮತ್ತು ಮಾರ್ಟಿನ್ ವ್ಯಾಕರಣದ ಹಳೆಯ ಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ತೆಂಗಿನ ತೋಟದ ಬದುವಿನ ಮೇಲೆ ಕೂತು ಬಾಯಿಪಾಠ ಮಾಡಿದವನು. ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ ಎಂದು ಓದುವ ಹುಡುಗರು ಇವತ್ತಿಗೂ ಹಾಗೆಯೇ ಉರು ಹೊಡೆಯುತ್ತಾರೆ. ಆ ಪಟ್ಟಿಯಲ್ಲಿ ಎಡಕ್ಕೂ ಬಲಕ್ಕೂ ನಡುವೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಈ ಹುಡುಗಿ ಸರಿಯಾಗಿ ಆ ನಡುವಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಳು. ಅವಳ ಸಲುವಾಗಿ ಹುಡುಕಲು ಹೊರಟೆ. ಅಂದಿನಿಂದ ಈ ಹುಚ್ಚು ನನ್ನನ್ನು ಬಿಟ್ಟಿಲ್ಲ.

ಫ್ರಾನ್ಸಿಸ್ ಗ್ರೋಸ್ ಎಂಬಾತ 1785ರಲ್ಲಿ ಲಂಡನ್ನಿನ ಬೀದಿಮಾತಿಗೆ ಒಂದು ನಿಘಂಟು ತಂದ. ದೊಡ್ಡವರ ಮನೆಯ ಇಂಗ್ಲಿಷ್ ಅವನಿಗೆ ಬೇಕಿರಲಿಲ್ಲ. ಸಿಪಾಯಿಗಳು, ಹಮಾಲರು, ಕಳ್ಳರು, ಹೆಂಡದಂಗಡಿಯವರು ಆಡುವ ಮಾತನ್ನು ಹುಡುಕಿಕೊಂಡು ರಾತ್ರಿ ಹೊತ್ತು ಗಲ್ಲಿಗಳಲ್ಲಿ ತಿರುಗುತ್ತಿದ್ದನಂತೆ. ಬಕೆಟ್ ಒದೆಯುವ ಮಾತು ಅವನ ನಿಘಂಟಿನಲ್ಲಿದೆ, ಸಾಯುವುದು ಎಂಬ ಅರ್ಥವೂ ಇದೆ. ಯಾಕೆ ಎಂಬುದು ಇಲ್ಲ. ಮುಂದಿನವರು ಹುಡುಕಿ ಹೇಳಿದ ವಿವರಣೆಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುವುದು ಒಂದು. ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಆಡುನುಡಿಯಲ್ಲಿ 'ಬಕೆಟ್' ಅಂದರೆ ನೀರು ತುಂಬುವ ಪಾತ್ರೆ ಮಾತ್ರವಲ್ಲ, ಅಡ್ಡ ಹಾಕಿದ ತೊಲೆಯೂ ಹೌದು. ಕೊಯ್ಯಲು ತಂದ ಹಂದಿಯ ಹಿಂಗಾಲು ಕಟ್ಟಿ ಆ ತೊಲೆಗೆ ತಲೆಕೆಳಗಾಗಿ ನೇತುಹಾಕುತ್ತಿದ್ದರು. ಪ್ರಾಣ ಹೋಗುವಾಗ ಅದು ಕಾಲು ಝಾಡಿಸುತ್ತದಲ್ಲ, ಆಗ ಒದೆ ಬೀಳುವುದು ತೊಲೆಗೆ. ಬಕೆಟ್ಟಿನ ಮೇಲೆ ನಿಂತು ಕುತ್ತಿಗೆಗೆ ಹಗ್ಗ ಹಾಕಿಕೊಂಡವನು ಅದನ್ನು ಒದ್ದ ಎಂಬ ಇನ್ನೊಂದು ಕತೆಯೂ ಉಂಟು. ಯಾವುದನ್ನು ಹಿಡಿದರೂ ನಗುವ ಮಾತಲ್ಲ ಇದು.

ಮರುದಿನ ತರಗತಿಯಲ್ಲಿ ಹೇಳಿದೆ. ಹಂದಿ ಕೊಯ್ಯುವುದನ್ನು ಕಂಡ ಹುಡುಗರು ಇಬ್ಬರು ಮೂವರಿದ್ದರು. ಅವರು ತಲೆಯಾಡಿಸಿದರು. ಹಿಂದಿನ ಬೆಂಚಿನ ಒಬ್ಬ, "ಸಾ, ನಮ್ಮಜ್ಜಿ 'ನೆಗೆದ್ ಬಿದ್ದೋಗ' ಅಂತ ಬಯ್ತದಲ್ಲ, ಅದೂ ಇಂಗೇನಾ?" ಎಂದ. ನನಗೆ ಮೈ ಜುಮ್ಮೆಂದಿತು. ನೆಗೆದು ಬೀಳುವುದು! ಹುಟ್ಟಿದಾಗಿನಿಂದ ಕೇಳಿದ ಬೈಗುಳ. ಪ್ರಾಣ ಹೋಗುವಾಗಿನ ಆ ಕೊನೆಯ ನೆಗೆತ ಅದರೊಳಗೆ ಇರಬಹುದೆಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಇಂಗ್ಲಿಷಿನ ಹಂದಿ ಕಾಲು ಝಾಡಿಸಿದ್ದಕ್ಕೆ ನಮ್ಮಜ್ಜಿಯ ಬೈಗುಳದ ಒಳಗು ಕಂಡಿತು.

ಅದಾದ ಮೇಲೆ ನಾವು ಸಾವಿನ ಮಾತುಗಳನ್ನೇ ಬೋರ್ಡಿನ ತುಂಬ ಬರೆದೆವು. ಗೊಟಕ್ ಅಂದ, ಶಿವನ ಪಾದ ಸೇರಿದ, ಕೈಲಾಸ ಕಂಡ, ತೀರಿಕೊಂಡ. ಕೊನೆಯದರ ಹತ್ತಿರ ಎಲ್ಲರೂ ಸುಮ್ಮನಾದರು. ಸಾಲ ತೀರುತ್ತದೆ, ಋಣ ತೀರುತ್ತದೆ, ಮನುಷ್ಯನೂ ತೀರಿಕೊಳ್ಳುತ್ತಾನೆ. ಒಂದೇ ಕ್ರಿಯಾಪದ. ದಿನಾ ಆಡುವ ಮಾತಿನಲ್ಲಿ ಇಷ್ಟು ದೊಡ್ಡ ಲೆಕ್ಕ ಅಡಗಿ ಕೂತಿದೆ.

ಬಕೆಟ್ಟಿನ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿದರೆ 'ಬಕೆಟ್ ಲಿಸ್ಟ್' ಎನ್ನುತ್ತಾರೆ. ಹಂಪಿ ನೋಡಬೇಕು, ಹಿಮಾಲಯ ಹತ್ತಬೇಕು, ವಿಮಾನದಿಂದ ಧುಮುಕಬೇಕು. 2007ರಲ್ಲಿ ಬಂದ ಹಾಲಿವುಡ್ ಚಿತ್ರವೊಂದು ಈ ಮಾತನ್ನು ಲೋಕಕ್ಕೆಲ್ಲ ಹಂಚಿತು. ಜ್ಯಾಕ್ ನಿಕಲ್ಸನ್, ಮಾರ್ಗನ್ ಫ್ರೀಮನ್ ಅದರಲ್ಲಿ ಸಾಯುವ ಮುನ್ನ ಮಾಡಬೇಕಾದ ಕೆಲಸಗಳ ಪಟ್ಟಿ ಹಿಡಿದು ಹೊರಟ ಇಬ್ಬರು ರೋಗಿಗಳು. ಅಂದರೆ ಇದು ಅದೇ ಬಕೆಟ್, ಒದೆಯುವ ಮುನ್ನಿನ ಪಟ್ಟಿ. ನಾವು ಇದೇ ಪದವನ್ನು ತಂದು ನಮ್ಮದೇ ನುಡಿಗಟ್ಟು ಮಾಡಿಕೊಂಡೆವು: 'ಬಕೆಟ್ ಹಿಡಿಯೋದು'. ಸಾಹೇಬರ ಹಿಂದೆ ಮುಂದೆ ಸುಳಿದು ಹೊಗಳುವವನು ಬಕೆಟ್ ಹಿಡಿಯುತ್ತಾನೆ. ಇಂಗ್ಲಿಷಿನವನು ಬಕೆಟ್ ಒದ್ದರೆ ಸಾಯುತ್ತಾನೆ, ಕನ್ನಡದವನು ಹಿಡಿದರೆ ಬಡ್ತಿ ಪಡೆಯುತ್ತಾನೆ! ಹುಡುಗರಿಗೆ ಇದನ್ನು ಹೇಳಿದ ದಿನ ಪಕ್ಕದ ತರಗತಿಯ ಮೇಷ್ಟ್ರು ಬಂದು ಇಣುಕಿ ನೋಡುವಷ್ಟು ನಗು.

ಈ ನಗುವಿನ ಬಗ್ಗೆ ನನಗೆ ಹೇಳಲಿಕ್ಕಿದೆ. ಹುಟ್ಟಿದಂದಿನಿಂದ ಇಂಗ್ಲಿಷ್ ಆಡುವವನಿಗೆ ಬಕೆಟ್ ಕಾಣುವುದೇ ಇಲ್ಲ. ಅವನ ಕಿವಿಗೆ ಬೀಳುವುದು 'ಸತ್ತ' ಎಂಬುದಷ್ಟೇ. ಮಾತಿನೊಳಗಿನ ಚಿತ್ರ ಅವನ ಬಾಯಲ್ಲಿ ಉರುಳಿ ಉರುಳಿ ಸವೆದು ಹೋಗಿರುತ್ತದೆ, ಹಳೆಯ ನಾಣ್ಯದ ಮೇಲಿನ ರಾಜನ ಮುಖದ ಹಾಗೆ. ಹೊರಗಿನಿಂದ ಬಂದ ನಮ್ಮ ಮಕ್ಕಳಿಗೆ ಆ ಮುಖ ಇನ್ನೂ ಕಾಣುತ್ತದೆ. ಅವರು ನಗುವುದು ತಪ್ಪು ತಿಳಿದಿದ್ದರಿಂದ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಕಂಡಿದ್ದರಿಂದ. ಆ ನಗುವನ್ನು ಗದರಿಸಿ ಅಡಗಿಸಿ, 'ಅರ್ಥ ಬರಕೊಳ್ಳಿ' ಎನ್ನುತ್ತಾ ಎಷ್ಟೋ ವರ್ಷ ಕಳೆದೆನಲ್ಲ ಎಂಬ ನೋವು ನನಗಿದೆ.

ಮಳೆಯ ಮಾತಿಗೆ ಬರೋಣ. ಕನ್ನಡನಾಡಿನಲ್ಲಿ ಇಂಗ್ಲಿಷ್ ಕಲಿತ ಯಾರನ್ನೇ ಕೇಳಿ, ಮೊದಲು ನೆನಪಾಗುವ ನುಡಿಗಟ್ಟು ಬೆಕ್ಕು ನಾಯಿಗಳ ಮಳೆ. ಇದಕ್ಕೊಂದು ಕತೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿರುತ್ತದೆ: ಹಿಂದೆ ಇಂಗ್ಲೆಂಡಿನಲ್ಲಿ ಹುಲ್ಲಿನ ಸೂರುಗಳಿದ್ದವು, ಬೆಕ್ಕು ನಾಯಿಗಳು ಆ ಹುಲ್ಲಿನಲ್ಲಿ ಮಲಗುತ್ತಿದ್ದವು, ಜೋರು ಮಳೆಗೆ ಜಾರಿ ಕೆಳಗೆ ಬೀಳುತ್ತಿದ್ದವು ಎಂದು. 1999ರಲ್ಲಿ ಇ-ಮೇಲಿನಲ್ಲಿ ಹರಡಿದ ಕಟ್ಟುಕತೆ ಇದು. ಗರಿಯ ಗುಡಿಸಲು ಕಂಡ ನಮ್ಮ ಹುಡುಗರು ಅದನ್ನು ಅರ್ಧ ನಿಮಿಷವೂ ನಂಬಲಿಲ್ಲ. "ಮಳೆ ಬಂದ್ರೆ ಬೆಕ್ಕು ಸೂರಿನ್ ಮ್ಯಾಲ್ ಯಾಕಿರ್ತದೆ ಸಾ? ಒಲೆ ಬೂದಿಯೊಳಗೆ ಮಲಗಿರ್ತದೆ" ಎಂದಳೊಬ್ಬಳು. ಪಂಡಿತರು ಪುಟಗಟ್ಟಲೆ ಬರೆದು ಅಲ್ಲಗಳೆದದ್ದನ್ನು ಒಲೆಯ ಮುಂದೆ ಬೆಳೆದ ಹುಡುಗಿ ಒಂದು ಮಾತಿನಲ್ಲಿ ಅಲ್ಲಗಳೆದಳು.

ಬರವಣಿಗೆಯಲ್ಲಿ ಈ ಮಾತಿನ ಜಾಡು ಹದಿನೇಳನೇ ಶತಮಾನದ ನಡುಭಾಗಕ್ಕೆ ಹೋಗುತ್ತದೆ. ನಾವು ಇವತ್ತು ಬಳಸುವ ರೂಪದಲ್ಲಿ ಅದನ್ನು ಊರ್ಜಿತಗೊಳಿಸಿದವನು ಜೊನಾಥನ್ ಸ್ವಿಫ್ಟ್, ಗಲಿವರನ ಪ್ರವಾಸ ಬರೆದನಲ್ಲ, ಅವನೇ. 1738ರಲ್ಲಿ ಅಚ್ಚಾದ ಅವನ ಒಂದು ಪುಸ್ತಕದಲ್ಲಿ ಬೆಕ್ಕು ನಾಯಿಗಳ ಮಳೆ ಇದೆ. ಅದಕ್ಕಿಂತ ಮುಂಚೆ, 1710ರಲ್ಲಿ, ಅವನು ಲಂಡನ್ನಿನ ಒಂದು ಮಳೆಯ ಮೇಲೆ ಪದ್ಯ ಬರೆದಿದ್ದ. ಮಳೆನೀರು ಊರಿನ ಚರಂಡಿಗಳನ್ನೆಲ್ಲ ತೊಳೆದುಕೊಂಡು, ಕಸಾಯಿಖಾನೆಯ ಕೊಳಕು, ಸತ್ತ ಬೆಕ್ಕು, ಮುಳುಗಿ ಸತ್ತ ನಾಯಿಮರಿಗಳನ್ನು ಹೊತ್ತು ಹರಿಯುವ ಚಿತ್ರ ಅದರ ಕೊನೆಯಲ್ಲಿದೆ. ನುಡಿಗಟ್ಟು ಹುಟ್ಟಿದ್ದೇ ಆ ಚರಂಡಿಯಲ್ಲಿ ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ನಮ್ಮ ಮಕ್ಕಳ ಪಠ್ಯದಲ್ಲಿ ಕೊಡೆ ಹಿಡಿದ ಮುದ್ದು ಬೆಕ್ಕುಗಳ ಚಿತ್ರದೊಡನೆ ಬರುವ ಮಾತಿನ ಅಕ್ಕಪಕ್ಕದಲ್ಲಿ ಒಂದು ಕೊಳಕು ಮಹಾನಗರವಿತ್ತು ಎಂಬುದಂತೂ ನಿಜ. ಲಂಡನ್ನಿಗೆ ಒಳಚರಂಡಿಯ ಸರಿಯಾದ ವ್ಯವಸ್ಥೆ ಬರಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು.

ನಮ್ಮ ಮಳೆಯೇನು ಕಡಿಮೆ ವಿಚಿತ್ರವೇ? ಪತ್ರಿಕೆಗಳಲ್ಲಿ ಪ್ರತಿ ಮಳೆಗಾಲ 'ಮುಸಲಧಾರೆ' ಸುರಿಯುತ್ತದೆ. ಮುಸಲ ಅಂದರೆ ಒನಕೆ. ಆಕಾಶದಿಂದ ಒನಕೆಗಳು ಬೀಳುತ್ತವೆ ಎಂದು ನಾವು ಗಂಭೀರವಾಗಿ ಓದಿ ಪುಟ ತಿರುವುತ್ತೇವೆ. ಕುಂಭದ್ರೋಣ ಮಳೆಯಲ್ಲಿ ಕೊಡಗಳಿವೆ. ನಮ್ಮ ಕಡೆ ಆಲಿಕಲ್ಲನ್ನು ಆನೆಕಲ್ಲು ಎನ್ನುತ್ತಾರೆ. ಆಕಾಶದಿಂದ ಆನೆ ಬೀಳಿಸಿದ ನಾವು ಬೆಕ್ಕು ಬೀಳಿಸಿದವರನ್ನು ಕಂಡು ನಕ್ಕೆವು. ವೇಲ್ಸ್ ದೇಶದವರ ನುಡಿಯಲ್ಲಿ ಮುದುಕಿಯರೂ ಕೋಲುಗಳೂ ಬೀಳುತ್ತವಂತೆ. ಅದನ್ನು ಕೇಳಿ ಒಬ್ಬ ಹುಡುಗ, ಪಾಪ, ಚಿತ್ರ ಬರೆಯುವಾಗ ಮುದುಕಿಯರ ಕೈಗೆ ಒಂದೊಂದು ಕೊಡೆ ಕೊಟ್ಟ.

ನಕ್ಕು ಮುಗಿಸಲಾಗದ ಮಾತೊಂದಿದೆ. ಹುಚ್ಚನನ್ನು ಇಂಗ್ಲಿಷಿನಲ್ಲಿ 'ಟೋಪಿ ಮಾಡುವವನಷ್ಟು ಹುಚ್ಚ' ಎನ್ನುತ್ತಾರೆ. ಲೂಯಿಸ್ ಕ್ಯಾರಲ್ 1865ರಲ್ಲಿ ತಂದ ಆಲಿಸಳ ಕತೆಯಲ್ಲಿ ಟೋಪಿಯವನು ಚಹಾ ಕೂಟದಲ್ಲಿ ಕೂತು ಉತ್ತರವಿಲ್ಲದ ಒಗಟು ಕೇಳುತ್ತಾನೆ. ನಾ. ಕಸ್ತೂರಿಯವರು 'ಪಾತಾಳದಲ್ಲಿ ಪಾಪಚ್ಚಿ' ಎಂದು ಕನ್ನಡಕ್ಕೆ ತಂದ ಕತೆ ಅದು. ಜಾನ್ ಟೆನಿಯಲ್ ಬರೆದ ಮೂಲ ಚಿತ್ರದಲ್ಲಿ ಅವನ ಟೋಪಿಗೆ 10/6 ಎಂಬ ಚೀಟಿ ಸಿಕ್ಕಿಸಿದೆ. ನಮ್ಮ ಹುಡುಗರು ಅದು ತಾರೀಕು ಎಂದುಕೊಂಡರು. ಅದು ಬೆಲೆ: ಹತ್ತು ಶಿಲಿಂಗ್ ಆರು ಪೆನ್ಸ್.

ಕ್ಯಾರಲ್ ಬರೆಯುವ ಮೊದಲೇ ಈ ಮಾತು ಬಳಕೆಯಲ್ಲಿತ್ತು. ಟೋಪಿ ಕಾರ್ಖಾನೆಗಳಲ್ಲಿ ಮೊಲದ ತುಪ್ಪಳವನ್ನು ಅಮುಕಿ ಹಾಸಿನ ಹಾಗೆ ಮಾಡಬೇಕಿತ್ತು. ಕೂದಲು ಒಂದಕ್ಕೊಂದು ಹೆಣೆದುಕೊಳ್ಳಲಿ ಎಂದು ಅದಕ್ಕೆ ಪಾದರಸದ ದ್ರಾವಣ ಸವರುತ್ತಿದ್ದರು. ತುಪ್ಪಳ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದ್ದುದರಿಂದ ಆ ಕೆಲಸಕ್ಕೆ ಕ್ಯಾರೆಟ್ಟಿನ ಹೆಸರೇ ಬಿದ್ದಿತ್ತು. ಆಮೇಲೆ ಬಿಸಿನೀರು, ಹಬೆ, ಮುಚ್ಚಿದ ಕೋಣೆ. ಆ ಹಬೆಯೊಡನೆ ಪಾದರಸವೂ ಉಸಿರಿಗೆ ಹೋಗುತ್ತಿತ್ತು. ವರ್ಷಗಳು ಕಳೆದಂತೆ ಕೈ ನಡುಗುತ್ತಿತ್ತು, ನಾಲಿಗೆ ತೊದಲುತ್ತಿತ್ತು, ನೆನಪು ಕೆಡುತ್ತಿತ್ತು. ಮನುಷ್ಯ ಒಮ್ಮೆ ಕಾರಣವಿಲ್ಲದೆ ಸಿಡುಕುತ್ತಿದ್ದ, ಇನ್ನೊಮ್ಮೆ ಯಾರ ಮುಖವನ್ನೂ ನೋಡಲಾರದೆ ಮುದುಡಿ ಕೂರುತ್ತಿದ್ದ. ಅಮೆರಿಕದಲ್ಲಿ ಡ್ಯಾನ್‌ಬರಿ ಎಂಬ ಊರು ಟೋಪಿಗೆ ಹೆಸರುವಾಸಿಯಾಗಿತ್ತು. ಅಲ್ಲಿ ಈ ನಡುಕಕ್ಕೆ ಊರಿನ ಹೆಸರನ್ನೇ ಇಟ್ಟು 'ಡ್ಯಾನ್‌ಬರಿ ನಡುಕ' ಎಂದರು. ಟೋಪಿ ತಯಾರಿಕೆಯಲ್ಲಿ ಪಾದರಸ ಬಳಸುವುದು ಆ ದೇಶದಲ್ಲಿ ನಿಂತದ್ದು 1941ರಲ್ಲಿ. ನುಡಿಗಟ್ಟಿಗೂ ಪಾದರಸಕ್ಕೂ ನೇರ ನಂಟುಂಟೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಕೂಲಿಯವರು ಅನುಭವಿಸಿದ ಕಾಯಿಲೆಯ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ.

ಇದನ್ನು ಹೇಳುವಾಗ ನನಗೆ ನಮ್ಮ 'ಬಿಟ್ಟಿ' ನೆನಪಾಗುತ್ತದೆ. ಅಂಗಡಿಯಲ್ಲಿ ಸೋಪಿನ ಜೊತೆ ಬಾಚಣಿಗೆ ಬಿಟ್ಟಿ ಸಿಕ್ಕಿತು ಎಂದು ಖುಷಿಪಡುತ್ತೇವೆ. ಬಿಟ್ಟಿ ಬಂದದ್ದು ಸಂಸ್ಕೃತದ ವಿಷ್ಟಿಯಿಂದ. ಕೂಲಿ ಕೊಡದೆ ಹಿಡಿದು ದುಡಿಸುವುದಕ್ಕೆ ಆ ಹೆಸರು. ನಮ್ಮ ನಾಡಿನ ಶಾಸನಗಳಲ್ಲೂ ಆ ಪದ ಬರುತ್ತದೆ. ಯಾರದೋ ಬೆನ್ನು ಮುರಿದ ದುಡಿಮೆ ಇವತ್ತು ನಮಗೆ ಪುಕ್ಕಟೆ ಬಾಚಣಿಗೆ. ಟೋಪಿಯವನ ನಡುಕವೂ ಹೀಗೆಯೇ ನಗೆಚಾಟಿಕೆಯಾಯಿತು. ಯಾರ ಮೇಲೂ ಆರೋಪ ಹೊರಿಸಬೇಕಿಲ್ಲ, ಮಾತಿನ ಗುಣವೇ ಹಾಗೆ, ನೋವನ್ನು ಬೇಗ ಮರೆಯುತ್ತದೆ. ಆದರೆ ಒಮ್ಮೆಯಾದರೂ ಯಾರಾದರೂ ನೆನಪಿಸಬೇಕು ಎಂದು ನನಗೆ ತೀವ್ರವಾಗಿ ಅನ್ನಿಸುತ್ತದೆ.

ಹಗುರವಾದ ಕತೆಗೆ ಹೋಗೋಣ. ಒಬ್ಬರಿಗೆ ಸಲ್ಲಬೇಕಾದ ಹೆಗ್ಗಳಿಕೆಯನ್ನು ಇನ್ನೊಬ್ಬರು ಹೊಡೆದುಕೊಂಡರೆ ಇಂಗ್ಲಿಷಿನಲ್ಲಿ 'ಗುಡುಗು ಕದ್ದ' ಎನ್ನುತ್ತಾರೆ. ಇಲ್ಲಿ ನಿಜಕ್ಕೂ ಗುಡುಗು ಕಳುವಾಗಿತ್ತು. ಜಾನ್ ಡೆನ್ನಿಸ್ ಎಂಬ ನಾಟಕಕಾರ 1709ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ತನ್ನದೊಂದು ನಾಟಕ ಆಡಿಸಿದ. ಗುಡುಗಿನ ಸದ್ದು ಬರಿಸಲು ತಾನೇ ಹೊಸದೊಂದು ಉಪಾಯ ಮಾಡಿದ್ದ. ನಾಟಕ ಸೋತಿತು, ಗುಡುಗು ಗೆದ್ದಿತು. ಕೆಲದಿನಗಳ ಮೇಲೆ ಅದೇ ರಂಗಮಂದಿರದಲ್ಲಿ ಮ್ಯಾಕ್‌ಬೆತ್ ನೋಡಲು ಹೋದರೆ ತನ್ನದೇ ಗುಡುಗು ಕೇಳಿಸಿತು. ನನ್ನ ನಾಟಕವನ್ನು ಓಡಿಸರು, ನನ್ನ ಗುಡುಗನ್ನು ಮಾತ್ರ ಕದಿಯುತ್ತಾರೆ ಎಂದು ಎದ್ದುನಿಂತು ಕೂಗಾಡಿದನೆಂದು ಕತೆ. ಡೆನ್ನಿಸನ ನಾಟಕದ ಹೆಸರು ಇವತ್ತು ಯಾರಿಗೂ ಗೊತ್ತಿಲ್ಲ. ಅವನ ಕೋಪ ಮಾತ್ರ ಮೂರು ಶತಮಾನದಿಂದ ಇಂಗ್ಲಿಷ್ ಬಲ್ಲವರೆಲ್ಲರ ಬಾಯಲ್ಲಿದೆ. ಕಂಪನಿ ನಾಟಕಗಳಲ್ಲಿ ಪರದೆಯ ಹಿಂದೆ ತಗಡು ಅಲ್ಲಾಡಿಸಿ ಗುಡುಗು ಬರಿಸುವುದನ್ನು ನಾನು ಚಿಕ್ಕಂದಿನಲ್ಲಿ ಇಣುಕಿ ನೋಡಿದ್ದೆ. ತಗಡು ಹಿಡಿದ ಹುಡುಗನಿಗೆ ತನ್ನ ಸದ್ದಿನ ಮೇಲೆ ರಾಜನ ಪಾತ್ರದವನಿಗಿಂತ ಹೆಚ್ಚು ಅಭಿಮಾನವಿತ್ತು. ಹಾಗಾಗಿ ಡೆನ್ನಿಸನ ಸಂಕಟ ನನಗೆ ಅರ್ಥವಾಗುತ್ತದೆ.

ದ್ವೀಪದ ಜನ ಇಂಗ್ಲಿಷರು, ಹಾಗಾಗಿ ಅವರ ಮಾತಿನ ತುಂಬ ಹಡಗು. ತೂರಾಡುವ ಕುಡುಕನಿಗೆ 'ಗಾಳಿಗೆ ಮೂರು ಶೀಟು' ಎನ್ನುತ್ತಾರೆ. ನಾವು ಹಾಸಿಗೆಯ ಬೆಡ್‌ಶೀಟು ಎಂದುಕೊಳ್ಳುತ್ತೇವೆ. ಅದು ಹಾಯಿಯನ್ನು ಹಿಡಿದುಕಟ್ಟುವ ಹಗ್ಗ. ಹಗ್ಗ ಸಡಿಲಿದರೆ ಹಾಯಿ ಪಟಪಟ ಬಡಿದು ಹಡಗು ಓಲಾಡುತ್ತದೆ. ತಬ್ಬಿಬ್ಬಾಗುವುದಕ್ಕೆ ಅವರು ಹೇಳುವ 'ಟೇಕನ್ ಅಬ್ಯಾಕ್' ಕೂಡ ಹಡಗಿನದೇ: ಗಾಳಿ ಎದುರಿನಿಂದ ನುಗ್ಗಿ ಹಾಯಿಯನ್ನು ಕಂಬಕ್ಕೆ ಒತ್ತಿದರೆ ಹಡಗು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಕಂಡೂ ಕಾಣದಂತಿರುವುದಕ್ಕೆ ಅವರು 'ಕುರುಡುಗಣ್ಣು ತಿರುಗಿಸುವುದು' ಎನ್ನುತ್ತಾರೆ. ಅದಕ್ಕೆ ಹೇಳುವ, ಅವರ ನೌಕಾಪಡೆಯ ನೆಲ್ಸನ್ನನ ಕತೆ ನಿಮಗೆ ಗೊತ್ತಿರಬಹುದು. 1794ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿಯಲ್ಲಿ ಅವನ ಬಲಗಣ್ಣಿನ ನೋಟ ಹೋಯಿತು. 1801ರ ಕೋಪನ್‌ಹೇಗನ್ ಕದನದಲ್ಲಿ ಹಿಂದೆ ಸರಿಯಿರಿ ಎಂದು ಮೇಲಧಿಕಾರಿಯ ಬಾವುಟ ಏರಿದಾಗ, ದುರ್ಬೀನನ್ನು ಆ ಕಣ್ಣಿಗೇ ಹಿಡಿದು ಏನೂ ಕಾಣುತ್ತಿಲ್ಲ ಎಂದನಂತೆ. ದುರ್ಬೀನಿನ ಭಾಗ ಆಮೇಲೆ ಸೇರಿಸಿದ ಬಣ್ಣವಿರಬಹುದು ಎನ್ನುತ್ತಾರೆ ಇತಿಹಾಸಕಾರರು. ನಮಗೆ ಈ ಮಾತು ಹೇಳಲು ಯುದ್ಧವೂ ಬೇಕಾಗಲಿಲ್ಲ, ನೌಕಾಪಡೆಯೂ ಬೇಕಾಗಲಿಲ್ಲ. 'ಜಾಣಕುರುಡು' ಎಂದೆವು. ಐದಕ್ಷರ! ಜಗತ್ತಿನ ಯಾವ ಭಾಷೆಯಲ್ಲೂ ಇದಕ್ಕಿಂತ ಚೊಕ್ಕವಾದ ಪದ ಇರಲಾರದು ಎಂದು ನನ್ನ ನಂಬಿಕೆ.

ನೆರೆಯವರ ಮೇಲಿನ ಸಿಟ್ಟೂ ನುಡಿಗಟ್ಟಾಗುತ್ತದೆ. ಹದಿನೇಳನೇ ಶತಮಾನದಲ್ಲಿ ಇಂಗ್ಲಿಷರು ಡಚ್ಚರ ಮೇಲೆ ಮೂರು ಸಲ ಸಮುದ್ರಯುದ್ಧ ಮಾಡಿದರು. ಕುಡಿದು ಬಂದ ಧೈರ್ಯ 'ಡಚ್ ಧೈರ್ಯ'ವಾಯಿತು, ತಲೆಬುಡ ತಿಳಿಯದ ಮಾತು 'ಡಬಲ್ ಡಚ್' ಆಯಿತು. ಹೇಳದೆ ಕೇಳದೆ ಜಾಗ ಖಾಲಿ ಮಾಡುವುದು ಇಂಗ್ಲಿಷರಿಗೆ 'ಫ್ರೆಂಚ್ ರಜೆ'. ಅದನ್ನೇ ಫ್ರೆಂಚರು 'ಇಂಗ್ಲಿಷರ ಹಾಗೆ ಜಾರಿಕೊಳ್ಳುವುದು' ಎನ್ನುತ್ತಾರೆ. ನಡುವೆ ಒಂದು ಕಾಲುವೆಯಷ್ಟು ಸಮುದ್ರ, ಎರಡೂ ದಡದಲ್ಲಿ ಒಂದೇ ದೂರು.

ಅರ್ಥವಾಗದ ಮಾತಿಗೆ ಅವರದು ಇನ್ನೊಂದು ಹೆಸರಿದೆ, 'ನನಗದು ಗ್ರೀಕ್'. ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲಿ ಕಾಸ್ಕಾ ಈ ಮಾತಾಡುತ್ತಾನೆ. ಗ್ರೀಕರಿಗೆ ಹಾಗಾದರೆ ಯಾವ ಭಾಷೆ ಅರ್ಥವಾಗುತ್ತಿರಲಿಲ್ಲ? ಇಲ್ಲಿ ಕನ್ನಡಿಗರು ಕಿವಿ ನಿಮಿರಿಸಬೇಕು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಹಳೆಯ ಕಸದ ತಿಪ್ಪೆಗಳನ್ನು ಅಗೆದಾಗ ರಾಶಿಗಟ್ಟಲೆ ಪಪೈರಸ್ ಹಾಳೆಗಳು ಸಿಕ್ಕವು. 1903ರಲ್ಲಿ ಪ್ರಕಟವಾದ ಸಂಪುಟದ 413ನೇ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ತೀರದಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣೊಬ್ಬಳನ್ನು ಬಿಡಿಸಿಕೊಂಡು ಹೋಗುವ ಕತೆ. ಅದರಲ್ಲಿ ಇಲ್ಲಿನ ರಾಜನೂ ಅವನ ಕಡೆಯವರೂ ಗ್ರೀಕರಿಗೆ ತಿಳಿಯದ ಭಾಷೆಯಲ್ಲಿ ಮಾತಾಡುತ್ತಾರೆ. ಮರುವರ್ಷವೇ ಹುಲ್ಟ್ಶ್ ಎಂಬ ಜರ್ಮನ್ ಶಾಸನತಜ್ಞರು ಅದು ಕನ್ನಡ ಎಂದರು. ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಅದರ ಬೆನ್ನು ಹತ್ತಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಒಪ್ಪದವರ ಕಾರಣಗಳೂ ಗಟ್ಟಿಯಾಗಿವೆ. ಅದು ಕನ್ನಡವೇ ಆಗಿದ್ದರೆ ಮಾತ್ರ ಎಂಥ ಸೊಗಸು! ನೈಲ್ ನದಿಯ ನಾಡಿನಲ್ಲಿ ಜನ ನಮ್ಮ ಮಾತು ಕೇಳಿ, ಅರ್ಥವಾಗದೆ, ಹೊಟ್ಟೆ ಹಿಡಿದು ನಕ್ಕಿದ್ದಾರೆ. ಇಂಗ್ಲಿಷ್ ನುಡಿಗಟ್ಟು ಕಂಡು ನಮ್ಮ ಹುಡುಗರು ನಗುವ ಹಾಗೆಯೇ.

ನಮ್ಮ ದೇಶದ ಊರುಗಳೂ ಇಂಗ್ಲಿಷ್ ಮಾತಿನೊಳಗೆ ಹೋಗಿ ಕೂತಿವೆ. ಮಹಾರಾಷ್ಟ್ರದ ದೇವಲಾಲಿಯಲ್ಲಿ ಬ್ರಿಟಿಷ್ ಸೈನ್ಯದ ಬಿಡಾರವಿತ್ತು. ಊರಿಗೆ ಹೋಗುವ ಹಡಗಿಗಾಗಿ ಸಿಪಾಯಿಗಳು ಅಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದರು, ಬಿಸಿಲು ಬೇಸರಗಳಲ್ಲಿ ಬುದ್ಧಿ ಕೆಡುತ್ತಿತ್ತು. ತಲೆಕೆಟ್ಟವನಿಗೆ ಇಂಗ್ಲೆಂಡಿನಲ್ಲಿ ಈಗಲೂ 'ಡೂಲಾಲಿ' ಎನ್ನುತ್ತಾರೆ. ಬೆಂಗಳೂರಿನ ಪಾಲಿಗೂ ಒಂದು ಬಂತು. ಈ ಶತಮಾನದ ಮೊದಲ ದಶಕದಲ್ಲಿ, ತಾನು ಮಾಡುತ್ತಿದ್ದ ಕೆಲಸ ಇಲ್ಲಿಗೆ ವರ್ಗವಾಗಿ ನೌಕರಿ ಕಳೆದುಕೊಂಡ ಅಮೆರಿಕನ್ನನು ತಾನು 'ಬೆಂಗಳೂರ್ಡ್' ಆದೆ ಎನ್ನುತ್ತಿದ್ದ. ನಮ್ಮೂರಿನ ಹುಡುಗನಿಗೆ ಕೆಲಸ ಸಿಕ್ಕ ಸಂತೋಷವೂ, ಅಲ್ಲಿಯವನ ಮನೆಯ ಚಿಂತೆಯೂ ಒಂದೇ ಪದದಲ್ಲಿವೆ. ಹೆಮ್ಮೆಪಡಲು ನನಗೆ ಮನಸ್ಸು ಬರುವುದಿಲ್ಲ.

ಅಲ್ಲಿಂದ ಇಲ್ಲಿಗೆ ಬಂದು ಮನೆಯವರಂತೆ ಆದವೂ ಬೇಕಾದಷ್ಟಿವೆ. ದುಡ್ಡು ನುಂಗುವ ಸರ್ಕಾರಿ ಯೋಜನೆಯನ್ನು 'ಬಿಳಿಯಾನೆ' ಎನ್ನುತ್ತೇವೆ. ದೇಶದಲ್ಲೇ ಅತಿ ಹೆಚ್ಚು ಕಾಡಾನೆಗಳಿರುವ ರಾಜ್ಯ ನಮ್ಮದು. ಆದರೂ ಈ ಆನೆ ಸಯಾಮಿನ ಅರಮನೆಯಿಂದ ಹೊರಟು, ಇಂಗ್ಲಿಷಿನ ಮೇಲೆ ಸವಾರಿ ಮಾಡಿಕೊಂಡು ನಮ್ಮ ಪತ್ರಿಕೆಗಳಿಗೆ ಬಂತು. ಬರಲಿ, ನಮ್ಮ 'ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ'ಯ ಪಕ್ಕದಲ್ಲಿ ಅದಕ್ಕೂ ಜಾಗವಿದೆ. 'ಕೆಂಪುಪಟ್ಟಿ'ಯೂ ಹಾಗೆಯೇ. ಇಂಗ್ಲೆಂಡಿನ ವಕೀಲರು, ಗುಮಾಸ್ತರು ಕಾಗದದ ಕಟ್ಟುಗಳಿಗೆ ಬಿಗಿಯುತ್ತಿದ್ದ ಕೆಂಪು ದಾರದ ಪಟ್ಟಿ ಅದು. ತಾಲ್ಲೂಕು ಕಚೇರಿಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಡತದ ಗಂಟುಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. 'ಮಂಜುಗಡ್ಡೆಯ ತುದಿ' ಮಾತ್ರ ನನಗೆ ಇಂದಿಗೂ ಒಗ್ಗಿಲ್ಲ. ನಮ್ಮಲ್ಲಿ ಮಂಜುಗಡ್ಡೆ ಇರುವುದು ಕಬ್ಬಿನಹಾಲಿನ ಲೋಟದಲ್ಲಿ, ಅದಕ್ಕೆ ತುದಿಯೂ ಇಲ್ಲ, ಬುಡವೂ ಇಲ್ಲ. ಇನ್ನು ಕೆಲವರು ಈಚೆಗೆ 'ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತಾಯಿತು' ಎಂದು ಬರೆಯತೊಡಗಿದ್ದಾರೆ. ಅವರ ಕೈ ಹಿಡಿದು ಕೇಳಿಕೊಳ್ಳಬೇಕೆನಿಸುತ್ತದೆ: ಎದೆಯಲ್ಲಿ ಅವಲಕ್ಕಿ ಕುಟ್ಟುವುದನ್ನು ಬಿಟ್ಟುಕೊಡಬೇಡಿ. ಒರಳಿನಲ್ಲಿ ಬೆಚ್ಚಗಿನ ಭತ್ತ, ಮೇಲಿಂದ ಬೀಳುವ ಒನಕೆ, ಆ ಬಿಡುವಿಲ್ಲದ ದಬದಬ. ಫಲಿತಾಂಶದ ದಿನ ಬೆಳಿಗ್ಗೆ ಎದೆಯೊಳಗೆ ಆಗುವುದು ಅದೇ. ಚಿಟ್ಟೆಗೆ ಅಷ್ಟು ಸದ್ದಿಲ್ಲ.

ನಮ್ಮ ಮಾತುಗಳನ್ನೂ ಚಿತ್ರ ಮಾಡೋಣ ಎಂಬ ಯೋಚನೆ ಹುಡುಗರದೇ. ಒಬ್ಬ ಮೇಷ್ಟ್ರ ತಲೆಯನ್ನು ತಟ್ಟೆಯಲ್ಲಿಟ್ಟು ಚಟ್ನಿ ಬಡಿಸಿದ, ಕೆಳಗೆ 'ತಲೆ ತಿನ್ನು' ಎಂದು ಬರೆದ. ಇನ್ನೊಬ್ಬಳು ಒಂದೇ ಹಾಳೆಯಲ್ಲಿ ಎರಡು ಕೈ ಬರೆದಳು. ಇಂಗ್ಲಿಷಿನ ಕಡೆ, 'ಕೈ ಕೊಟ್ಟ' ಸ್ನೇಹಿತ ಬಿದ್ದವನನ್ನು ಎತ್ತುತ್ತಿದ್ದಾನೆ. ಕನ್ನಡದ ಕಡೆ, 'ಕೈ ಕೊಟ್ಟ' ಸ್ನೇಹಿತ ಬಸ್ ಹತ್ತಿ ಹೋಗುತ್ತಿದ್ದಾನೆ, ಬಿದ್ದವನು ಬಿದ್ದಲ್ಲೇ ಇದ್ದಾನೆ. ನಾನು ಎಷ್ಟು ಪಾಠ ಮಾಡಿದ್ದರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಎಲ್ಲರೂ ಸೋತದ್ದು 'ಚಳ್ಳೆಹಣ್ಣು ತಿನ್ನಿಸು' ಎಂಬಲ್ಲಿ. ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಕಳ್ಳ ಪರಾರಿ ಎಂದು ಪೇಪರಿನಲ್ಲಿ ಓದಿದವರೇ ಎಲ್ಲ. ಹಣ್ಣು ಕಂಡವರು ಒಬ್ಬರೂ ಇಲ್ಲ, ನಾನೂ ಕಂಡಿರಲಿಲ್ಲ. ಏನು ಬರೆಯುವುದು? ಯಾರೋ ಸೀಬೆ ಬರೆದರು, ಯಾರೋ ಸಪೋಟ ಬರೆದರು. ಜೂನ್ ತಿಂಗಳು, ಶಾಲೆ ಶುರುವಾಗಿ ಎರಡು ವಾರ ಆಗಿತ್ತು. ಸೋಮವಾರ ಬೆಳಿಗ್ಗೆ ಕುರಿ ಕಾಯುವ ಮನೆಯ ಹುಡುಗನೊಬ್ಬ ಮುತ್ತುಗದ ಎಲೆಯ ಪೊಟ್ಟಣ ತಂದು ಮೇಜಿನ ಮೇಲಿಟ್ಟ. "ನಮ್ ತಾತ ಕಳಿಸದೆ ಸಾ. ಕೆರೆ ಹಿಂದ್ಲ ಮರದ್ದು" ಎಂದ.

ಗೋಲಿ ಗಾತ್ರದ, ಮಸುಕು ಹಳದಿಗೆ ನಸುಗೆಂಪು ತಿರುಗಿದ ಹಣ್ಣುಗಳು. ಒಂದನ್ನು ಹಿಸುಕಿದರೆ ಒಳಗಿನಿಂದ ಗೋಂದಿನಂಥ ಲೋಳೆ ದಾರ ಕಟ್ಟಿಕೊಂಡು ಬಂತು. ಬಾಯಿಗೆ ಹಾಕಿದವರಿಗೆ ಸಣ್ಣಗೆ ಸಿಹಿ, ಆಮೇಲೆ ನಾಲಿಗೆ ಅಂಗುಳಕ್ಕೆ ಅಂಟಿ ಮಾತೇ ಹೊರಡದು. ನುಂಗಲೂ ಆಗದು, ಉಗಿಯಲೂ ಆಗದು. ನಲವತ್ತು ಮಕ್ಕಳ ತರಗತಿ ಒಂದು ನಿಮಿಷ ಬಾಯಿ ಚಪ್ಪರಿಸುತ್ತಾ ಮೂಕವಾಯಿತು. ಹಣ್ಣು ತಂದವನು ಎಲ್ಲರ ಮುಖ ನೋಡುತ್ತಾ ಬಾಗಿಲ ಹತ್ತಿರ ನಿಂತಿದ್ದ.

ಲೋಳೆ ಎಲ್ಲರ ಬೆರಳಿಗೂ ಮೆತ್ತಿತು, ಬೆರಳಿನಿಂದ ಪುಸ್ತಕಕ್ಕೆ. ಬಕೆಟ್ಟಿನ ಹುಡುಗಿಯ ನೋಟ್‌ಬುಕ್ಕಿನ ಕೊನೆಯ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡು ಒಣಗಿದವು. ವರ್ಷದ ಕೊನೆಗೆ ಅವಳು ಆ ಪುಸ್ತಕವನ್ನು ನನಗೇ ಕೊಟ್ಟು ಹೋದಳು. ಒದ್ದವನೂ, ಬರಲು ಹಿಡಿದವಳೂ, ಊದುಬತ್ತಿಯೂ ಆ ಹಾಳೆಗಳ ನಡುವೆ ಇದ್ದಾರೆ. ಬಿಡಿಸಲು ಹೋದರೆ ಹರಿಯುತ್ತದೆಂದು ನಾನು ಹಾಗೆಯೇ ಇಟ್ಟುಕೊಂಡಿದ್ದೇನೆ.